ಕುರ್ಚಿಗೆ ಕಾಲುಚೀಲ

"ಇದೇನು ಲೈಬ್ರರಿಯೋ, ಸಂಗೀತ ಶಾಲೆಯೋ?" ನಿವೃತ್ತ ಪೋಸ್ಟ್‌ಮಾಸ್ಟರು ಪೇಪರನ್ನು ಮೇಜಿಗೆ ಬಡಿದರು. "ಆ ಹುಡುಗೀನ ಹೊರಗೆ ಕಳಿಸಿ. ಇಲ್ಲಾಂದ್ರೆ ಮೇಲಿನವರಿಗೆ ಅರ್ಜಿ ಬರೀತೀನಿ!"

"ಬರೀರಿ ಸ್ವಾಮಿ. ಪೆನ್ನು ಬೇಕಾ?" ಗ್ರಂಥಪಾಲಕಿಗೆ ಸಿಟ್ಟು ಮೂಗಿನ ತುದಿಯಲ್ಲೇ. "ಅವಳೇನು ಹುಡುಗಿಯಲ್ಲ, ಮೂವತ್ತೆರಡು ವರ್ಷ. ನಿಮ್ಮ ಹಾಗೇ ಕಾರ್ಡಿದೆ."

ಜಗಳಕ್ಕೆ ಕಾರಣಳಾದ, ಪಕ್ಕದಂಗಡಿ ಟೈಲರನ ತಂಗಿ ವಿಶ್ವಕೋಶದ ಏಳನೇ ಸಂಪುಟದ ಮೇಲೆ ಬಗ್ಗಿ, ಹಿಂದಕ್ಕೂ ಮುಂದಕ್ಕೂ ತೂಗುತ್ತ, ಒಂದೇ ಸ್ವರ ಹಿಡಿದು ಗುನುಗುತ್ತಿದ್ದಳು. ಮೊದಲ ಸಂಪುಟದಿಂದ ಒಂದು ಸಾಲೂ ಬಿಡದೆ ಓದಿಕೊಂಡು ಬಂದವಳು. ಅಂಗಡಿ, ಬಸ್ಸು, ನೆಂಟರ ಮನೆ ಎಂದರೆ ಕಿವಿ ಮುಚ್ಚಿಕೊಳ್ಳುವ ಆಕೆ ಹೊಸ್ತಿಲು ದಾಟುತ್ತಿದ್ದುದು ಇದೊಂದು ಜಾಗಕ್ಕೆ. ಇದೂ ತಪ್ಪಿದರೆ ನಾಲ್ಕು ಗೋಡೆಯೇ ಗತಿ.

ಗಲಾಟೆ ಕೇಳಿ ಅಣ್ಣ ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಓಡಿ ಬಂದ. "ಅಕ್ಕಾ, ಕರ್ಕೊಂಡು ಹೋಗ್ಬಿಡ್ತೀನಿ. ನಮ್ಮಿಂದ ಯಾಕೆ ರಗಳೆ?"

"ನೀನು ಸುಮ್ನಿರಪ್ಪ. ಹೋಗು ಅಂತ ನಾನಂದ್ನಾ?"

ಗ್ರಂಥಪಾಲಕಿ ಅನ್ನುವುದೇನೋ ಅಂದಳು, ಒಳಗೊಳಗೇ ಅವಳಿಗೂ ಪೇಚಾಟ. ಟೈಲರನ ತಂಗಿ ಮೊದಲು ಕಿಟಕಿಯ ಬಳಿ ಕೂರುತ್ತಿದ್ದಾಗ ಇಷ್ಟು ಗುನುಗು ಇರಲಿಲ್ಲ. ಕಣ್ಣೆದುರಿಗೇ ಇರಲಿ ಎಂದು ತಾನೇ ತನ್ನ ಮೇಜಿನ ಪಕ್ಕಕ್ಕೆ, ಪೇಪರ್ ಓದುವವರ ಮಗ್ಗುಲಿಗೆ, ಕರೆತಂದು ಕೂರಿಸಿದ್ದಳು. ಅಂದಿನಿಂದ ಜಾಸ್ತಿಯಾಯಿತು. ಯಾಕೆಂದು ಅಣ್ಣನನ್ನು ಕೇಳಿದ್ದಳು, ಪರಿಚಯದ ಡಾಕ್ಟರನ್ನು ಕೇಳಿದ್ದಳು. ಕೇಳದೆ ಉಳಿದವಳು ಗುನುಗುವವಳೊಬ್ಬಳೇ.

ಈಗ ಹೋಗಿ ಪಕ್ಕದಲ್ಲಿ ಕೂತಳು. "ಯಾಕಮ್ಮಾ ಗುನುಗ್ತೀಯಾ?"

ಆಕೆ ಪುಟದಿಂದ ಕಣ್ಣೆತ್ತಲಿಲ್ಲ. "ಅವರ ಕುರ್ಚಿ ಕಿರುಚುತ್ತೆ. ಇವತ್ತು ಹತ್ತೊಂಬತ್ತು ಸಲ. ಗುನುಗಿದ್ರೆ ಕಮ್ಮಿ ಕೇಳ್ಸುತ್ತೆ."

ಪೋಸ್ಟ್‌ಮಾಸ್ಟರು ಇನ್ನೊಂದು ಪೇಪರ್ ಬೇಕಾದಾಗ ಏಳುವವರಲ್ಲ, ಕಬ್ಬಿಣದ ಕುರ್ಚಿ ಸಮೇತ ಜರುಗುವವರು. ಕಲ್ಲಿನ ನೆಲದ ಮೇಲೆ ಆ ಕಿರ್ರೆನ್ನುವ ಸದ್ದು ಇಷ್ಟು ವರ್ಷ ಗ್ರಂಥಪಾಲಕಿಯ ಕಿವಿಗೆ ಬಿದ್ದೇ ಇರಲಿಲ್ಲ.

"ನನ್ನ ಕಿವಿಗಿಷ್ಟು ಬೆಂಕಿ ಹಾಕ!" ಎಂದು ಎದ್ದಳು. "ತಮ್ಮಾ, ಅಂಗಡೀಲಿ ದಪ್ಪ ಬಟ್ಟೆ ಚೂರಿದ್ಯಾ?"

ಅರ್ಧ ಗಂಟೆಯಲ್ಲಿ ಟೈಲರ್ ಕೋಟಿನ ಬಟ್ಟೆಯಲ್ಲಿ ನಾಲ್ಕು ಪುಟಾಣಿ ಚೀಲ ಹೊಲಿದು ತಂದ. ಗ್ರಂಥಪಾಲಕಿ ಪೋಸ್ಟ್‌ಮಾಸ್ಟರನ್ನು ಎಬ್ಬಿಸಿದಳು, ತಂಗಿಯೇ ಅವರ ಕುರ್ಚಿಯ ಕಾಲಿಗೆ ತೊಡಿಸಿ ದಾರ ಬಿಗಿದಳು. ಎಳೆದರೆ ಸದ್ದೇ ಇಲ್ಲ! ಈ ಗೋಡೆಯಿಂದ ಆ ಗೋಡೆಗೆ ಎಳೆದು, ನಕ್ಕು, ಮತ್ತೆ ಎಳೆದಳು. ಆಮೇಲೆ ಪುಸ್ತಕಕ್ಕೆ ಮರಳಿದಾಗ ಗುನುಗು ಪೂರ್ತಿ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತವರಿಗಷ್ಟೇ ಕೇಳುವಷ್ಟು ಇಳಿಯಿತು.

"ಈಗ ಕೂತ್ಕೊಳ್ಳಿ ಸ್ವಾಮಿ."

"ಕಾಲುಚೀಲ ಹಾಕಿದ ಕುರ್ಚಿ ಮೇಲೆ? ನಾನು?" ಪೋಸ್ಟ್‌ಮಾಸ್ಟರ ಮುಖ ಊದಿಕೊಂಡಿತು. "ಬಿಚ್ಚಿಸಿ ಅದನ್ನ! ಇಲ್ಲಿ ಅವಳಾದ್ರೂ ಇರಬೇಕು, ನಾನಾದ್ರೂ ಇರಬೇಕು."

"ಅವಳಿಗೆ ಇನ್ನೂ ಏಳು ಸಂಪುಟ ಬಾಕಿ ಇದೆ. ನಿಮ್ಮ ಪೇಪರ್ ಮುಗೀತಲ್ಲ?"

ಟೈಲರ್ ನಗು ತಡೆಯಲಾರದೆ ಟೇಪು ಕಚ್ಚಿಕೊಂಡ.

ಪೋಸ್ಟ್‌ಮಾಸ್ಟರು ಕೊಡೆ ತೆಗೆದುಕೊಂಡರು. ಯಾರಾದರೂ ಕರೆದಾರೆಂದು ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಯಾರೂ ಕರೆಯಲಿಲ್ಲ. ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಹೊರಟೇಹೋದರು. ಎರಡು ದಿನ ಗ್ರಂಥಪಾಲಕಿ, ಅವರು ಬರುವ ಹೊತ್ತೆಂದು, ಹತ್ತು ಗಂಟೆಗೆ ಬಾಗಿಲ ಕಡೆ ನೋಡಿದಳು. ಮೂರನೇ ದಿನ ಪುರುಸೊತ್ತಾಗಲಿಲ್ಲ, ಉಳಿದ ಹನ್ನೊಂದು ಕುರ್ಚಿಗೂ ಚೀಲ ತೊಡಿಸುವುದಿತ್ತು. ಪೋಸ್ಟ್‌ಮಾಸ್ಟರು ಮತ್ತೆ ಆ ಕಡೆ ತಲೆಹಾಕಲಿಲ್ಲ.