ಡೆಲಿಯಾಳ ದೊಡ್ಡ ಲೋಟ

1966. ಐರ್ಲೆಂಡಿನ ಲಿಮೆರಿಕ್ ನಗರದ ಹಂದಿಮಾಂಸದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕತ್ತಿ ಹಿಡಿದ ಡೆಲಿಯಾಗೆ ಅಂದು ಕೊನೆಯ ದಿನ. ಕೆಲಸ ಬಿಡುವವರನ್ನು ಊರ ಹಳೆಯ ಕೋಟೆಯ ಎದುರಿನ ಫಿಂಟನ್‌ನ ಪಬ್ಬಿಗೆ ಕರೆದೊಯ್ಯುವುದು ಅಲ್ಲಿನವರ ಪದ್ಧತಿ. ಎಲ್ಲರಿಗೂ ಕಪ್ಪು ಬಿಯರ್ ಬರುತ್ತದೆ. ಕೆಲಸ ಬಿಡುವವರು ಮೊದಲ ಗುಟುಕು ಕುಡಿದು ಲೋಟ ಕೆಳಗಿಡುವವರೆಗೆ ಬೇರೆ ಯಾರೂ ತಮ್ಮದನ್ನು ಮುಟ್ಟುವಂತಿಲ್ಲ. ಈವರೆಗೆ ಹೆಂಗಸರು ಮಾತ್ರ ಕಾರ್ಖಾನೆಯಲ್ಲೇ ಒಂದು ತುಂಡು ಕೇಕು ತಿಂದು ತೆಪ್ಪಗೆ ಮನೆಗೆ ಹೋಗುತ್ತಿದ್ದರು. ಡೆಲಿಯಾ ಹೋಗಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೇ ಪಬ್ಬು ಗಿಜಿಗುಡುತ್ತಿತ್ತು. ಮೂಲೆಯಲ್ಲಿ ಒಬ್ಬ ಪಿಟೀಲು ಕುಯ್ಯುತ್ತಿದ್ದ. ನಲವತ್ತು ಗಂಡಸರ ಮುಂದೆ ನಲವತ್ತು ದೊಡ್ಡ ಲೋಟ ಬಂದವು. ಡೆಲಿಯಾಳ ಮುಂದೆ ಫಿಂಟನ್ ಇಟ್ಟಿದ್ದು ಪುಟ್ಟದೊಂದು ಅರ್ಧ ಲೋಟ.

"ಇದೇನೋ?"

"ಹೆಂಗಸರಿಗೆ ಅಷ್ಟೇ ಕಣಮ್ಮ. ನಮ್ಮಪ್ಪನ ಕಾಲದಿಂದ ಹಾಗೇ."

"ನಾನೇನು ದಿನಾ ಅರ್ಧ ಹಂದಿ ಕಡಿದು ಮನೆಗೆ ಹೋಗ್ತಿದ್ನಾ?"

ಎಲ್ಲರೂ ಹೋ ಎಂದು ನಕ್ಕರು. ಡೆಲಿಯಾಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲೇ ನಿಂತು ದುಡಿದ ಈ ಗಂಡಸರ ಸಮಕ್ಕೆ ಇದೊಂದು ದಿನವಾದರೂ ಕೂರಬೇಕಿತ್ತು ಅವಳಿಗೆ. ಅರ್ಧ ಲೋಟವನ್ನು ಆಚೆ ತಳ್ಳಿ, ಕೈಕಟ್ಟಿ ಕುಳಿತಳು.

ನಗು ಅಲ್ಲಿಗೇ ನಿಂತಿತು. ನಲವತ್ತು ಲೋಟಗಳ ನೊರೆ ಇಳಿಯತೊಡಗಿತು.

"ಒಂದೇ ಒಂದು ಗುಟುಕು ಹಾಕೇ ಮಾರಾಯ್ತಿ, ಗಂಟಲು ಒಣಗ್ತಿದೆ," ಎಂದು ಗೋಗರೆದ, ಅವಳ ಪಕ್ಕದಲ್ಲೇ ಮಾಂಸ ಕಡಿಯುತ್ತಿದ್ದ ಡಿನ್ನಿ.

"ನಂದೂ ಒಣಗಿದೆ. ಅವನಿಗೆ ಹೇಳು."

ಅರ್ಧ ಗಂಟೆಯಾಯಿತು. ಪಿಟೀಲಿನವನೂ ಬಾರಿಸುವುದನ್ನು ನಿಲ್ಲಿಸಿದ. ಕೊನೆಗೆ ಡಿನ್ನಿಗೆ ರೇಗಿತು. "ನಿಮ್ಮಪ್ಪನ ಕಾಲ ಹಾಳಾಗಿ ಹೋಗ್ಲಿ ಫಿಂಟನ್! ಕೊಡ್ತೀಯೋ, ಇಲ್ಲಾ ನಾವೆಲ್ಲ ಪಕ್ಕದ ಬೀದಿ ಪಬ್ಬಿಗೆ ಹೋಗೋದೋ?"

ಫಿಂಟನ್ ಹಲ್ಲು ಕಡಿಯುತ್ತ ದೊಡ್ಡ ಲೋಟ ತುಂಬಿಸಿ ತಂದ. "ತಗೋ. ಕೆಲಸ ಬಿಡ್ತಿದ್ದೀಯ ಅಂತ ಇವತ್ತೊಂದಿನ. ನಾಳೆ ಇನ್ಯಾವಳೂ ಕೇಳೋ ಹಾಗಿಲ್ಲ."

ತುಟಿಯವರೆಗೆ ಬಂದ ಲೋಟವನ್ನು ಡೆಲಿಯಾ ಕೆಳಗಿಟ್ಟಳು. ನಲವತ್ತೂ ಜನ ಅಯ್ಯೋ ಎಂದರು.

"ಮುಂದಿನ ತಿಂಗಳು ಕರುಳು ತೊಳೆಯೋ ಗೆರ್ಟಿದು ಕೊನೇ ದಿನ. ಅವಳಿಗೆ?"

"ಅದನ್ನ ಆಮೇಲೆ ನೋಡೋಣ."

"ಹಾಗಾದ್ರೆ ಇದನ್ನೂ ಆಮೇಲೇ ಕುಡಿಯೋಣ."

"ಆಯ್ತು, ಅವಳಿಗೂ ಕೊಡ್ತೀನಿ!"

"ಬೀದೀಲಿ ಹೋಗ್ತಾ ಸುಮ್ನೆ ಒಳಗೆ ಬಂದ ಹೆಂಗಸಿಗೆ?"

ಫಿಂಟನ್ ಸುತ್ತಲೂ ನೋಡಿದ. ಒಬ್ಬನೇ ಒಬ್ಬನೂ ಅವನ ಕಡೆಗಿರಲಿಲ್ಲ. "ಊರಿಗೆಲ್ಲ ಕೊಡ್ತೀನಿ, ಕುಡಿದು ಸಾಯಿ!"

ಡೆಲಿಯಾ ಲೋಟ ಎತ್ತಿದಳು. ಒಂದು ಗುಟುಕಿಗೆ ನಿಲ್ಲಿಸಲಿಲ್ಲ. ತಳ ಕಾಣುವವರೆಗೂ ನಿಧಾನವಾಗಿ ಕುಡಿದಳು, ನಲವತ್ತು ಗಂಡಸರು ಕಾದರು.