ಆರನೇ ಕೈ

ದಡ್ಡಿ ಎಂಬ ಊರಿನಿಂದ ಒಂದು ಹರದಾರಿ ಆಚೆಗಿರುವ ಆ ಊರ ಪಂಚಾಯಿತಿಯಲ್ಲಿ ಹನ್ನೊಂದು ಮಂದಿ ಸದಸ್ಯರು. ವಿರೋಧಿಗಳು ಆರು ಮಂದಿ, ಅಧ್ಯಕ್ಷರ ಕಡೆಯವರು ಅವರೂ ಸೇರಿ ಐವರೇ. ಮೀಸಲಾತಿಗೆ ತಕ್ಕವರು ಅವರೊಬ್ಬರೇ ಇದ್ದುದರಿಂದ ಕುರ್ಚಿ ಅವರಿಗೆ ಸಿಕ್ಕಿತ್ತು. ಅಂಥ ಅಧ್ಯಕ್ಷರು ಗಾಯರಾಣ ನೋಡಿಕೊಳ್ಳುವ ಉಪಸಮಿತಿಗೆ ಭೀಮರಾಯನ ಹೆಸರು ಸೂಚಿಸಿದಾಗ, ಕುರಿ ಸಾಕುವ ಯಲ್ಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಊರ ಕುರಿ ಮೇಯುವ ಆ ಹುಲ್ಲುಗಾವಲಿನ ಅರ್ಧವನ್ನು ಸದ್ದಿಲ್ಲದೆ ಉತ್ತು ಕಬ್ಬು ಹಚ್ಚಿದವನೇ ಭೀಮರಾಯ. ಉಳಿದರ್ಧವೂ ಹೋದರೆ ಅವಳ ನೂರಿಪ್ಪತ್ತು ಕುರಿಗೆ ಮೇವಿಲ್ಲ, ಹೊಳೆಗಿಳಿಯಲು ದಾರಿಯೂ ಇಲ್ಲ.

ವಿರೋಧಿಗಳ ಆರೂ ಕೈ ಎದ್ದರೆ ಆ ಹೆಸರು ಬೀಳುತ್ತದೆ. ಐದು ಗಟ್ಟಿ. ಆರನೆಯದು ಮಾಲಾಳದು, ಅಂದರೆ ಅವಳ ಗಂಡ ಗಜಾನನನದು. ಮಾಲಾ ಗೆದ್ದು ಮೂರು ವರ್ಷವಾದರೂ ಊರಿಗೆ ಅವನೇ ಮೆಂಬರ್. ಹಾರ ಅವನಿಗೆ, ಅರ್ಜಿ ಅವನಿಗೆ, ಪಂಚಾಯಿತಿಯ ನೋಟಿಸೂ ಅವನ ಕೈಗೇ.

"ಅವನ ಮನಿ ಮುಂದ ಧರಣಿ ಕೂಡೂಣು," ಎಂದ ಯಲ್ಲಕ್ಕನ ಗಂಡ ಶೆಟ್ಟೆಪ್ಪ.

"ಧರಣಿ ಕುಂತ್ರ ಚಾ ಕುಡಿಸಿ ಕಳಸ್ತಾನ. ಅವನ ಹೊಲದಾಗ ಕುರಿ ತರಬೂಣು," ಎಂದಳು ಯಲ್ಲಕ್ಕ.

ಬಿತ್ತನೆಗೆ ಮುಂಚೆ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದರೆ ಬೀಳುವ ಗೊಬ್ಬರ ಬಂಗಾರ. ರೈತರು ಕಾಳು ಕೊಟ್ಟು ಪಾಳಿ ಹಚ್ಚುತ್ತಾರೆ. ಯಲ್ಲಕ್ಕ ಪಾಳಿ ಮುರಿದು, ಹಿಡಿ ಕಾಳೂ ಕೇಳದೆ, ಮೂರು ದಿನ ಗಜಾನನನ ಹೊಲದಲ್ಲಿ ಕುರಿ ನಿಲ್ಲಿಸಿದಳು. ಇಷ್ಟು ಉಪಕಾರ ತಿಂದವನು ಎರಡು ಬಗೆಯಲಾರ ಎಂದು ಅವಳ ನಂಬಿಕೆ.

ಮಧ್ಯಾಹ್ನ ಮಾಲಾ ಬುತ್ತಿ ತರುತ್ತಿದ್ದಳು. ಯಲ್ಲಕ್ಕ ಅವಳೊಡನೆ ಕೂತು ಉಂಡು, ಮಕ್ಕಳ ಸಾಲಿ, ನೆಂಟರ ಮದುವೆ ಅಂತ ಹರಟುವಳು. ಗಜಾನನ ಬಂದನೋ, ತಟ್ಟನೆ ಎದ್ದು ಅವನ ಹಿಂದೆ ಬದುವಿಗೆ ಹೋಗುವಳು.

"ಅಣ್ಣಾರ, ಭೀಮರಾಯನ ಹೆಸರು ಬೀಳಸೂ ಮಾತು ತಪ್ಪಬ್ಯಾಡ್ರಿ."

"ನನ್ನ ಮ್ಯಾಲ ಬಿಡ್ರಿ ಅಕ್ಕಾರ." ಮೂರು ದಿನವೂ ಗಜಾನನನದು ಅದೇ ಮಾತು.

ಸಭೆಯ ದಿನ ಮಾಲಾಳ ಕುರ್ಚಿ ಖಾಲಿ. ಐದಕ್ಕೆ ಐದು ಸಮವಾಗಿ, ಅಧ್ಯಕ್ಷರು ತಮ್ಮ ನಿರ್ಣಾಯಕ ಮತ ಹಾಕಿದರು. ಭೀಮರಾಯ ಗೆದ್ದ. "ಅಕಿ ಅವ್ವಗ ಆರಾಮಿಲ್ಲರಿ, ತವರಿಗೆ ಹೋಗ್ಯಾಳ," ಎಂದು ಗಜಾನನ ಅಂಗಳದಲ್ಲಿ ನಿಂತು ಹಲ್ಲು ಕಿರಿದ. ಅಧ್ಯಕ್ಷರು ಅವನಿಗೆ ಬೋರ್‌ವೆಲ್ ಕೊಡಿಸುವ ಮಾತು ಕೊಟ್ಟಿದ್ದರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಮರುದಿನ ಯಲ್ಲಕ್ಕ ಕುರಿಗಳನ್ನು ಶೆಟ್ಟೆಪ್ಪನಿಗೊಪ್ಪಿಸಿ ಮಾಲಾಳ ತವರೂರು ಘಟಪ್ರಭಾದ ಬಸ್ ಹತ್ತಿದಳು. ಮಾಲಾಳನ್ನು ಉಗಿದು ಉಪ್ಪು ಹಾಕಿ ಬರಬೇಕೆಂದೇ ಹೊರಟದ್ದು. ಅಲ್ಲಿ ನೋಡಿದರೆ ತಾಯಿ, ಮಗಳು ಇಬ್ಬರೂ ಗುಂಡುಕಲ್ಲಿನಂತೆ ಕೂತು ಶಾವಿಗೆ ಹೊಸೆಯುತ್ತಿದ್ದರು.

"ಮೀಟಿಂಗ್ ಬಿಟ್ಟು ಇಲ್ಲಿ ಶಾವಗಿ ಹೊಸ್ಯಾಕತ್ತಿ ಏನವ್ವಾ?"

"ಯಾವ ಮೀಟಿಂಗ್ರಿ? ಮುಂದಿನ ವಾರಕ್ಕ ಹೋತು ಅಂದ್ರಲ್ಲ ನಮ್ಮ ಮನ್ಯಾವರು," ಎಂದಳು ಮಾಲಾ.

ಯಲ್ಲಕ್ಕ ನಡೆದದ್ದನ್ನೆಲ್ಲ ಹೇಳಿದಳು. ಮಾಲಾಳ ಕೈ ನಿಂತಿತು.

"ನಮ್ಮಪ್ಪನೂ ದನಾ ಕಾದಾಂವ. ಇಂಥಾದ್ದಕ್ಕ ನಡಕೊಂತ ಬಂದಾದ್ರೂ ಕೈ ಎತ್ತತಿದ್ನಿ," ಎಂದಳು. ಆಮೇಲೆ ಕೇಳಿದಳು: "ಗಂಡಸರ ಮಾತು ಬಿಡ್ರಿ. ಮೂರು ದಿನ ನನ್ನ ಕೂಡ ಕುಂತು ಉಂಡ್ರಿ. ನೀವ್ಯಾಕ ನನ್ನ ಒಂದು ಮಾತು ಕೇಳಲಿಲ್ಲ ಯಲ್ಲಕ್ಕ?"

ಯಲ್ಲಕ್ಕನ ಬಾಯಿಗೆ ಹೆದರದವರು ಊರಲ್ಲಿಲ್ಲ. ಗಜಾನನನ ಮೇಲಿದ್ದ ಸಿಟ್ಟಿಗಿಂತ ದೊಡ್ಡ ನಾಚಿಕೆಯೊಂದು ಅಂಥವಳನ್ನೇ ಹಿಡಿದು ಕೂರಿಸಿತು.

"ತಪ್ಪಾತವ್ವ," ಎಂದಳು. "ನಾನೂ ಅವನ್ನೇ ಮೆಂಬರ್ ಅಂದ್ಕೊಂಡಿದ್ನಿ."