ತೋರಿಸೋ ಮೊಳೆ

"ಬಂತು," ಎಂದರು ಡಾಕ್ಟರಮ್ಮ. ಸ್ಟೀಲ್ ತಟ್ಟೆ ಟಣ್ ಎಂದಿತು. ಬಾಯಿ ತುಂಬ ಹತ್ತಿ ಕಚ್ಚಿಕೊಂಡೇ ಅಕ್ಕ ತಲೆ ಎತ್ತಿ ನೋಡಿದಳು. ಮೂರು ವರ್ಷ ಅವಳ ದವಡೆಯೊಳಗೆ ಕಟ್ಟಿಸಿದ ಹಲ್ಲನ್ನು ಹೊತ್ತಿದ್ದ ಟೈಟಾನಿಯಂ ಮೊಳೆ ಕೀವು ಮೆತ್ತಿಕೊಂಡು ಬಿದ್ದಿತ್ತು.

"ಸುತ್ತಲಿನ ಮೂಳೆ ಕರಗಿಹೋಗಿದೆ. ವಸಡು ಊದಿದಾಗಲೇ ಬರಬೇಕಿತ್ತು ನೀವು. ಹಾಕಿದವರು ಏನಂದ್ರು?"

ಹಾಕಿದ ಡಾಕ್ಟರು, ನೀವು ಸರಿಯಾಗಿ ಬ್ರಷ್ ಮಾಡ್ತಿಲ್ಲ ಅಂದಿದ್ದರು. ಅಜ್ಜಿಗೇ ಕೆಮ್ಮು ಕಲಿಸಿದ ಹಾಗಾಗಿತ್ತು. ಹದಿನೆಂಟು ವರ್ಷದಿಂದ ಅವರ ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿದ್ದು, ಎಲ್ಲರಿಂದ ಅಕ್ಕ ಎಂದೇ ಕರೆಸಿಕೊಂಡು, ಬಂದವರಿಗೆಲ್ಲ ಹಲ್ಲುಜ್ಜುವುದನ್ನು ಹೇಳಿಕೊಡುತ್ತಿದ್ದವಳೇ ಅವಳು. ಆದರೂ ನಂಬಿದಳು. ದಿನಕ್ಕೆ ನಾಲ್ಕು ಸಲ ಉಜ್ಜಿ ವಸಡು ಕೆತ್ತಿಕೊಂಡಳು. ಡಾಕ್ಟರು ತಾವಾಗಿಯೇ ಕೂರಿಸಿ ಪುಕ್ಕಟೆ ಹಾಕಿಕೊಟ್ಟ ಹಲ್ಲು ಅದು. ಅದರ ಮೇಲೆ ಅನುಮಾನ ಪಡುವುದಾದರೂ ಹೇಗೆ?

"ಮೊಳೆ ಹಾಕಿದಾಗ ಕೊಡೋ ಕಾರ್ಡ್ ಇದೆಯಾ? ಮೊಳೆ ಬರೋ ಸೀಲ್ ಡಬ್ಬಿ ಮೇಲಿನ ಸ್ಟಿಕ್ಕರ್ ಅದಕ್ಕೆ ಅಂಟಿಸಿರ್ತಾರಲ್ಲ."

"ನನ್ನದಕ್ಕೆ ಅಂಟಿಸಿಲ್ಲ," ಎಂದಳು ಅಕ್ಕ ಹತ್ತಿ ತೆಗೆದು. ಅಂಟಿಸುವ ಕೆಲಸ ಅವಳದೇ. ಆವತ್ತು ಕೇಳಿದ್ದಕ್ಕೆ ಡಾಕ್ಟರು ನಕ್ಕು, "ಮನೆಯವರಿಗೆ ಯಾತಕ್ಕೆ ಅಕ್ಕ ಸ್ಟಿಕ್ಕರ್ರು?" ಎಂದಿದ್ದರು. ಆ ಒಂದು ಮಾತಿಗೆ ಅವಳು ವಾರವೆಲ್ಲ ಹಿಗ್ಗಿದ್ದಳು.

ಡಾಕ್ಟರಮ್ಮ ಮೊಳೆಯನ್ನು ತೊಳೆದು ಬೆಳಕಿಗೆ ಹಿಡಿದರು. "ತಿರುಪಿನ ಮೇಲಿನ ಎರಡು ಸುತ್ತು ಜಜ್ಜಿದೆಯಲ್ಲ. ಇದು ದವಡೇಲಿ ಆಗಿದ್ದಲ್ಲ."

ಅಕ್ಕ ಕುರ್ಚಿಯಿಂದ ಮುಂದೆ ಬಾಗಿ ನೋಡಿದಳು. ಅದನ್ನು ಜಜ್ಜಿದವಳು ಅವಳೇ. ರೋಗಿಗಳ ಭಯ ಬಿಡಿಸಲೆಂದು ಕ್ಲಿನಿಕ್ಕಿನಲ್ಲಿ ಒಂದು ಮೊಳೆ ಇತ್ತು, ತೋರಿಸೋ ಮೊಳೆ ಅಂತಲೇ ಅದರ ಹೆಸರು. ಒಮ್ಮೆ ಅವಳು ಮುಚ್ಚಿದ ಡ್ರಾಯರಿಗೆ ಸಿಕ್ಕಿ ಜಜ್ಜಿತ್ತು. "ಹಿಡಿದು ನೋಡಿ, ಭಯ ಬೇಡ" ಎಂದು ಅವಳು ಅದನ್ನು ನೂರಾರು ಅಂಗೈಗಳಲ್ಲಿ ಇಟ್ಟಿದ್ದಳು. ಅವಳಿಗೆ ಹಲ್ಲು ಹಾಕಿದ ಮರುದಿನವೇ ಅದು ಕಾಣೆಯಾಯಿತು. "ಒಂದು ವಸ್ತು ಜೋಪಾನ ಮಾಡೋಕಾಗಲ್ವಾ ಅಕ್ಕ?" ಎಂದು ಡಾಕ್ಟರು ಗದರಿದ್ದರು. ಊದಿದ ಕೆನ್ನೆಯನ್ನು ಒತ್ತಿಕೊಂಡು, ಟಾರ್ಚ್ ಹಿಡಿದು, ಬೀರುವಿನ ಅಡಿಯಲ್ಲೆಲ್ಲ ಎರಡು ದಿನ ತೆವಳಿದ್ದಳು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳ ಗಾದೆಗೆ ಜನ ನಗುತ್ತಾರೆ. ಆದರೆ ಕೂಸನ್ನು ಅಲ್ಲಿಟ್ಟವರೇ ಪಕ್ಕದಲ್ಲಿ ನಿಂತು ಹುಡುಕಿಸಿದರೆ? ಅವಳಿಗೆ ಹಲ್ಲು ಹಾಕಿದ ದಿನ ಬೆಳಿಗ್ಗೆ ಬೀರುವಿನಲ್ಲಿದ್ದ ಕೊನೆಯ ಸೀಲ್ ಡಬ್ಬಿ ಒಬ್ಬ ಗುತ್ತಿಗೆದಾರರ ಹೆಂಡತಿಗೆ ಹೋಗಿತ್ತು. ತನ್ನದು ಡಾಕ್ಟರ ಬ್ಯಾಗಿನಲ್ಲಿ ಇರಬೇಕು ಅಂದುಕೊಂಡಿದ್ದಳು ಅಕ್ಕ.

"ಹತ್ತು ಜನ ಮುಟ್ಟಿದ್ದನ್ನ ಕ್ರಿಮಿ ಸಾಯೋ ಹಾಗೆ ಮಷೀನಲ್ಲಿ ಬೇಯಿಸಿ ಹಾಕಿದ್ರೆ, ಡಾಕ್ಟ್ರೇ?"

"ಸೀಲ್ ಒಡೆದ ಮೇಲೆ ಬೆರಳೇ ತಾಕಬಾರದು ಅದಕ್ಕೆ. ಜಿಡ್ಡು ಕೂತರೆ ಮೂಳೆ ಹೇಗೆ ಹಿಡಿಯತ್ತೆ? ಯಾಕೆ ಕೇಳಿದ್ರಿ?"

"ಸುಮ್ಮನೆ. ಅದನ್ನ ನನಗೇ ಕೊಡಿ."

ಮರುದಿನ ಅಕ್ಕ ಎಂದಿನಂತೆ ಕ್ಲಿನಿಕ್ಕಿಗೆ ಹೋಗಿ ತಟ್ಟೆಗಳನ್ನು ಜೋಡಿಸಿದಳು. ಕುರ್ಚಿಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರು ಹಿಂದೆ ಮುಂದೆ ನೋಡುತ್ತಿದ್ದರು. "ಮೂಳೆಗೇ ಮೊಳೆ ಅಂದ್ರೆ, ಆಮೇಲೆ ಕೀವು ಗೀವು ಆಗಲ್ವಾ ಸಾರ್?"

"ನಮ್ಮ ಅಕ್ಕನ್ನೇ ಕೇಳಿ," ಎಂದರು ಡಾಕ್ಟರು ಗ್ಲೌಸಿಗೆ ಕೈ ತೂರಿಸುತ್ತ. "ಅವರ ಬಾಯಲ್ಲೂ ಇದನ್ನೇ ಹಾಕಿದೀನಿ. ಸ್ವಲ್ಪ ತೋರಿಸಿ ಅಕ್ಕ."

ಮೂರು ವರ್ಷದಲ್ಲಿ ಈ ಮಾತಿಗೆ ಅವಳು ಎಷ್ಟು ಸಲ ಬಾಯಿ ತೆರೆದಿದ್ದಳೋ ಲೆಕ್ಕವಿಲ್ಲ. ಇವತ್ತು ತೆರೆಯಲಿಲ್ಲ. ಏಪ್ರನ್ನಿನ ಜೇಬಿನಿಂದ ಬಟ್ಟೆಯ ತುಂಡು ತೆಗೆದು ಬಿಚ್ಚಿ, ಅದರಲ್ಲಿದ್ದುದನ್ನು ಕಂಡಕ್ಟರ ಅಂಗೈಯಲ್ಲಿ ಇಟ್ಟಳು.

"ಹಿಡಿದು ನೋಡಿ," ಎಂದಳು, ಊದಿದ ಕೆನ್ನೆಯಲ್ಲೇ. ಆಮೇಲೆ ಡಾಕ್ಟರ ಕಡೆ ತಿರುಗಿದಳು. "ನಿಮ್ಮ ತೋರಿಸೋ ಮೊಳೆ, ಡಾಕ್ಟ್ರೇ. ನಿನ್ನೆ ಸಿಕ್ತು."

ಡಾಕ್ಟರ ಕೈ ಅರ್ಧಕ್ಕೇ ನಿಂತಿತು. ಗ್ಲೌಸಿನ ಖಾಲಿ ಬೆರಳುಗಳು ಜೋತುಬಿದ್ದಿದ್ದವು. ಕಂಡಕ್ಟರು ಕನ್ನಡಕ ಏರಿಸಿ, ಮೊಳೆಯನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.